ಬಿಲಕ್ಕೆ ಇಳಿದ ಬಿಳಿ ನಾಯಿ

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಒಂದು ಪ್ರಶ್ನೆ ಕೇಳಿ ನೋಡಿ. “ನಾಯಿ ಚಿತ್ರವಿದ್ದ ಗ್ರಾಮಫೋನ್ ಪ್ಲೇಟು ನೋಡಿದ್ದೀರಾ?” ಎಂದು ಕೇಳಿ. ಹಲವರು “ಓಹೋ, ನೋಡಿದ್ದೇವೆ” ಎಂದಾರು. ಕಪ್ಪು ತಟ್ಟೆಯಂಥ ಆ ಪ್ಲೇಟಿನ ನಡುವೆ ಒಂದು ದುಂಡು ಕಾಗದ ಅಂಟಿಸಿರುತ್ತಿತ್ತು. ಅದರಲ್ಲಿ ಕಹಳೆಯಿರುವ ಗ್ರಾಮಫೋನು, ಅದರ ಮುಂದೆ ತಲೆ ಓರೆ ಮಾಡಿ ಕುಳಿತ ಬಿಳಿ ನಾಯಿ. ನಾಯಿಯ ಕಿವಿ ಮಾತ್ರ ಗಾಢ ಬಣ್ಣ. ಆ ಕಂಪನಿಯ ಹೆಸರು ಎಚ್‌ಎಂವಿ.

ಈ ನಾಯಿ ಬರೀ ಕಲ್ಪನೆಯಲ್ಲ. ಅದು ನಿಜವಾಗಿ ಬದುಕಿತ್ತು. ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿತು. ಮನೆಗೆ ಬಂದವರ ಕಾಲಿಗೆ ಬಾಯಿ ಹಾಕುತ್ತಿತ್ತಂತೆ. ಹಾಗೆ ಚಿವುಟಿದಂತೆ ಕಚ್ಚುವುದಕ್ಕೆ ಇಂಗ್ಲಿಷಿನಲ್ಲಿ ‘ನಿಪ್’ ಎನ್ನುತ್ತಾರೆ. ಹೆಸರು ಬಂದದ್ದು ಅದರಿಂದಲೇ! ಅದರ ಯಜಮಾನ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರೋ, ಅದನ್ನು ಸಾಕಿದ. 1895ರಲ್ಲಿ ನಿಪ್ಪರ್ ಸತ್ತಿತು. ಆಮೇಲೆ ಅವನು ಅದರ ಚಿತ್ರ ಬರೆದ. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಆ ಚಿತ್ರವನ್ನು ಕೊಂಡುಕೊಂಡಿತು. ಹೀಗೆ ಬ್ರಿಸ್ಟಲ್ಲಿನ ನಾಯಿಯೊಂದು ನಮ್ಮೂರುಗಳ ಮನೆಗಳಿಗೂ ಬಂದಿತು.

ನಿಪ್ಪರ್ ಟೆರಿಯರ್ ಎಂಬ ಗುಂಪಿಗೆ ಸೇರಿದ ಬೆರಕೆ ನಾಯಿ. ಟೆರಿಯರ್‌ಗಳಲ್ಲಿ ತುಂಬ ಹೆಸರಾದ ಒಂದು ತಳಿ ಇದೆ. ಅದು ಜ್ಯಾಕ್ ರಸೆಲ್ ಟೆರಿಯರ್. ಅದೂ ಬಿಳಿ ನಾಯಿಯೇ. ಇದನ್ನು ಯಾರು ಮಾಡಿದರು? ಹೇಗೆ ಮಾಡಿದರು? ಅರೆ, ನಾಯಿಯನ್ನು ‘ಮಾಡುವುದು’ ಎಂದರೇನು? ಬನ್ನಿ, ತಿಳಿಯೋಣ.

ನೆಲದ ನಾಯಿ

‘ಟೆರಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೆಲ, ಮಣ್ಣು. ಟೆರಿಯರ್ ಎಂಬ ಪದ ಬಂದದ್ದು ಅಲ್ಲಿಂದ. ಅಂದರೆ ಟೆರಿಯರ್ ಎಂದರೆ ನೆಲದ ನಾಯಿ, ಮಣ್ಣಿನೊಳಗೆ ನುಗ್ಗುವ ನಾಯಿ. 1570ರಲ್ಲಿಯೇ ಜಾನ್ ಕೀಸ್ ಎಂಬ ಇಂಗ್ಲಿಷ್ ವೈದ್ಯ ತನ್ನ ನಾಡಿನ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಬಿಲಕ್ಕೆ ನುಗ್ಗಿ ನರಿಗಳನ್ನು ಹೊರಗೋಡಿಸುವ ನಾಯಿಗಳ ಮಾತು ಬರುತ್ತದೆ. ಆದ್ದರಿಂದ ಈ ಕೆಲಸ ತುಂಬ ಹಳೆಯದು.

ಆ ಕಾಲದಲ್ಲಿ ಟೆರಿಯರ್ ಎಂಬುದು ತಳಿಯ ಹೆಸರಾಗಿರಲಿಲ್ಲ. ಅದು ಕೆಲಸದ ಹೆಸರು. ನಾವು ಕುಂಬಾರ, ಬಡಗಿ ಎನ್ನುವುದಿಲ್ಲವೇ? ಹಾಗೆ. ಬಣ್ಣ ಯಾವುದೇ ಇರಲಿ, ಬಿಲಕ್ಕೆ ಇಳಿಯುವ ಚಿಕ್ಕ ನಾಯಿಯೆಲ್ಲ ಟೆರಿಯರ್. ಇಲಿ ಹಿಡಿಯಲು, ನರಿ ಓಡಿಸಲು ರೈತರು ಅವನ್ನು ಸಾಕುತ್ತಿದ್ದರು.

ಪಾದ್ರಿ ಕಂಡ ಟ್ರಂಪ್

ಈಗ ಕತೆಗೆ ಒಬ್ಬ ಮನುಷ್ಯ ಬರುತ್ತಾನೆ. ಅವನ ಹೆಸರು ಜಾನ್ ರಸೆಲ್. 1795ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಹುಟ್ಟಿದ. ಇಂಗ್ಲಿಷರಲ್ಲಿ ಜಾನ್ ಎಂಬುವನನ್ನು ಸಲಿಗೆಯಿಂದ ಜ್ಯಾಕ್ ಎಂದು ಕರೆಯುವ ವಾಡಿಕೆ ಇದೆ. ಹೀಗೆ ಅವನು ಜ್ಯಾಕ್ ರಸೆಲ್ ಆದ. ಆಕ್ಸ್‌ಫರ್ಡ್‌ನಲ್ಲಿ ಓದಿದ. ಮುಂದೆ ಪಾದ್ರಿಯಾಗಿ ಡೆವನ್‌ನ ಸ್ವಿಂಬ್ರಿಜ್ ಎಂಬ ಹಳ್ಳಿಯಲ್ಲಿ ಬಹುಕಾಲ ಇದ್ದ. ಅವನಿಗೆ ಕುದುರೆ ಏರಿ ನರಿ ಬೇಟೆಗೆ ಹೋಗುವುದೆಂದರೆ ಬಲು ಹುಚ್ಚು.

1819ರ ಸುಮಾರು. ರಸೆಲ್ ಇನ್ನೂ ಆಕ್ಸ್‌ಫರ್ಡ್ ವಿದ್ಯಾರ್ಥಿ. ಒಂದು ದಿನ ಹಾಲು ಮಾರುವವನೊಬ್ಬನ ಜೊತೆ ಚಿಕ್ಕ ಹೆಣ್ಣು ನಾಯಿಯೊಂದನ್ನು ಕಂಡ. ಮೈಯೆಲ್ಲ ಬಿಳಿ. ಎರಡು ಕಣ್ಣು ಮತ್ತು ಕಿವಿಗಳ ಮೇಲೆ ಕಂದು ಮಚ್ಚೆ. ಬಾಲದ ಬುಡದಲ್ಲಿ ಕಾಸಿನಗಲದ ಇನ್ನೊಂದು ಮಚ್ಚೆ. ರಸೆಲ್‌ಗೆ ಅದು ತುಂಬ ಹಿಡಿಸಿತು. ಅಲ್ಲೇ ಕೊಂಡುಬಿಟ್ಟ. ಆ ನಾಯಿಯ ಹೆಸರು ಟ್ರಂಪ್.

ಒಂದು ನಾಯಿ ಕೊಂಡ ಮಾತ್ರಕ್ಕೆ ಹೊಸ ತಳಿ ಆಗುತ್ತದೆಯೇ? ಇಲ್ಲ. ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ.

ಕೆಲಸ ಹೇಗೋ ದೇಹ ಹಾಗೆ

ರಸೆಲ್‌ಗೆ ಬೇಕಿದ್ದ ನಾಯಿ ಹೇಗಿರಬೇಕಿತ್ತು? ಒಮ್ಮೆ ಅವನ ಜಾಗದಲ್ಲಿ ನಿಂತು ಯೋಚಿಸಿ. ದೊಡ್ಡ ಬೇಟೆ ನಾಯಿಗಳು ಕೆಂಪು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತವೆ. ನರಿ ಬಿಲ ಹೊಕ್ಕಿ ಕೂರುತ್ತದೆ. ದೊಡ್ಡ ನಾಯಿ ಒಳಗೆ ಹೋಗಲಾರದು. ಆಗ ಟೆರಿಯರ್ ಬೇಕು.

ಮೊದಲನೆಯದಾಗಿ, ಅದರ ಎದೆ ಕಿರಿದಾಗಿರಬೇಕು. ಬಿಲದೊಳಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇಂದಿಗೂ ಈ ನಾಯಿಗಳನ್ನು ಪರೀಕ್ಷಿಸುವವರು ಮುಂಗಾಲುಗಳ ಹಿಂದೆ ಎರಡೂ ಅಂಗೈಗಳಿಂದ ಎದೆಯನ್ನು ಬಳಸಿ ನೋಡುತ್ತಾರೆ. ಎರಡು ಕೈಗಳ ಬೆರಳು ಒಂದಕ್ಕೊಂದು ತಾಗಿದರೆ ಎದೆ ಸರಿಯಾಗಿದೆ ಎಂದು ಅರ್ಥ.

ಎರಡನೆಯದಾಗಿ, ಕಾಲು ತೀರ ಗಿಡ್ಡವಾಗಿರಬಾರದು. ಕುದುರೆ ಸವಾರರ ಹಿಂದೆ ದಿನವಿಡೀ ಓಡಬೇಕಲ್ಲ!

ಮೂರನೆಯದಾಗಿ, ಬಣ್ಣ ಬಿಳಿಯಾಗಿರಬೇಕು. ಬಿಲದಿಂದ ಕಂದು ಬಣ್ಣದ ಪ್ರಾಣಿ ಹೊರಗೆ ಬಂದರೆ ದೊಡ್ಡ ನಾಯಿಗಳು ಅದನ್ನೇ ನರಿ ಎಂದು ತಿಳಿದು ಮೇಲೆ ಬೀಳಬಹುದು. ಬಿಳಿ ನಾಯಿ ದೂರದಿಂದಲೂ ಬೇರೆಯಾಗಿ ಕಾಣುತ್ತದೆ.

ನಾಲ್ಕನೆಯದು ಸ್ವಭಾವ. ಕತ್ತಲ ಬಿಲಕ್ಕೆ ಒಂಟಿಯಾಗಿ ಇಳಿಯುವ ಧೈರ್ಯ ಬೇಕು. ಆದರೆ ನರಿಯನ್ನು ಕೊಂದುಹಾಕಬಾರದು. ಒಳಗೆ ನಿಂತು ಬಿಡದೆ ಬೊಗಳಬೇಕು. ಬೊಗಳುವ ಸದ್ದಿನಿಂದ ನರಿ ಎಲ್ಲಿದೆ ಎಂದು ಮೇಲಿನವರಿಗೆ ತಿಳಿಯುತ್ತಿತ್ತು.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಇದಕ್ಕೆ ಹೋಲಿಸಿ ನೋಡಿ. ಅದೂ ಬೇಟೆ ನಾಯಿಯೇ. ಆದರೆ ಅದರ ಬೇಟೆ ಬಯಲಿನಲ್ಲಿ. ದೂರದ ಪ್ರಾಣಿಯನ್ನು ಕಣ್ಣಿಂದ ಗುರುತಿಸಿ ಓಡಿ ಹಿಡಿಯುತ್ತದೆ. ಆದ್ದರಿಂದ ಉದ್ದ ಕಾಲು, ಸಣ್ಣ ಸೊಂಟ, ಆಳವಾದ ಎದೆ. ಎರಡೂ ನಾಯಿಗಳೇ. ಕೆಲಸ ಬೇರೆಯಾದ್ದರಿಂದ ದೇಹವೂ ಬೇರೆ.

ತಳಿ ಹೇಗೆ ಆಗುತ್ತದೆ?

ನಿಮ್ಮ ಮನೆಯಲ್ಲಿ ಹಿರಿಯರು ಬಿತ್ತನೆಗೆ ಬೀಜ ಎತ್ತಿಡುವುದನ್ನು ನೋಡಿದ್ದೀರಾ? ಜೊಳ್ಳು ಕಾಳನ್ನು ಎತ್ತಿಡುವುದಿಲ್ಲ. ದಪ್ಪ ತೆನೆಯ ಗಟ್ಟಿ ಕಾಳನ್ನೇ ಆರಿಸಿ ಇಡುತ್ತಾರೆ. ಮರುವರ್ಷ ಅದರಿಂದ ಬಂದ ಬೆಳೆಯಲ್ಲಿಯೂ ಮತ್ತೆ ಆರಿಸುತ್ತಾರೆ. ವರ್ಷ ವರ್ಷ ಹೀಗೆ ಮಾಡಿದರೆ ಬೆಳೆಯ ಗುಣ ನಿಧಾನವಾಗಿ ಬದಲಾಗುತ್ತದೆ.

ರಸೆಲ್ ಮಾಡಿದ್ದೂ ಇದನ್ನೇ. ಹುಟ್ಟಿದ ಮರಿಗಳಲ್ಲಿ ಎಲ್ಲವೂ ಒಂದೇ ರೀತಿ ಇರುವುದಿಲ್ಲ. ಒಂದು ಧೈರ್ಯಶಾಲಿ, ಒಂದು ಅಂಜುಬುರುಕ. ಒಂದರ ಎದೆ ಅಗಲ, ಇನ್ನೊಂದರದು ಕಿರಿದು. ತನಗೆ ಬೇಕಾದ ಗುಣವಿರುವ ಗಂಡು ಮತ್ತು ಹೆಣ್ಣನ್ನು ಆರಿಸಿ ಅವುಗಳಿಂದಲೇ ಮುಂದಿನ ಮರಿಗಳನ್ನು ಪಡೆದ. ಆ ಮರಿಗಳಲ್ಲಿ ಮತ್ತೆ ಆರಿಸಿದ. ನಾಯಿ ಸುಮಾರು 63 ದಿನ ಗರ್ಭ ಧರಿಸುತ್ತದೆ. ಒಂದೆರಡು ವರ್ಷದಲ್ಲಿ ಮರಿಯೇ ತಾಯಿಯಾಗುತ್ತದೆ. ಹಾಗಾಗಿ ಮನುಷ್ಯ ಒಂದೇ ಬಾಳಿನಲ್ಲಿ ನಾಯಿಯ ಎಷ್ಟೋ ತಲೆಮಾರುಗಳನ್ನು ನೋಡಬಲ್ಲ. ಹೀಗೆ ಮನುಷ್ಯ ಆರಿಸುವುದಕ್ಕೆ ‘ಕೃತಕ ಆಯ್ಕೆ’ ಎಂದು ಹೆಸರು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ರಸೆಲ್‌ಗೆ ಹಣದ ತೊಂದರೆ ಆಗಾಗ ಬರುತ್ತಿತ್ತು. ಒಂದಕ್ಕಿಂತ ಹೆಚ್ಚು ಸಲ ಅವನು ತನ್ನ ನಾಯಿಗಳನ್ನೆಲ್ಲ ಮಾರಬೇಕಾಯಿತು. 1883ರಲ್ಲಿ ಅವನು ತೀರಿಕೊಂಡಾಗ ಉಳಿದಿದ್ದವು ಕೇವಲ 4 ಮುದಿ ನಾಯಿಗಳು. ಆದ್ದರಿಂದ ಇಂದಿನ ಜ್ಯಾಕ್ ರಸೆಲ್ ನಾಯಿಗಳೆಲ್ಲ ಟ್ರಂಪ್‌ನ ಮೊಮ್ಮಕ್ಕಳು ಎಂದು ಹೇಳಲು ಬಾರದು. ಅವನಂತೆಯೇ ಕೆಲಸದ ನಾಯಿಗಳನ್ನು ಆರಿಸಿ ಬೆಳೆಸಿದವರು ಬೇರೆಯವರೂ ಇದ್ದರು. ಹೆಸರು ಒಬ್ಬನದು, ದುಡಿಮೆ ಹಲವರದು.

ಕೆಲಸವೋ, ಅಂದವೋ?

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ನಾಯಿ ಪ್ರದರ್ಶನಗಳು ಶುರುವಾದವು. 1873ರಲ್ಲಿ ಕೆನಲ್ ಕ್ಲಬ್ ಎಂಬ ಸಂಸ್ಥೆ ಹುಟ್ಟಿತು. ಪ್ರತಿ ತಳಿಗೂ ಎತ್ತರ, ಬಣ್ಣ, ತಲೆಯ ಆಕಾರ ಇಷ್ಟಿಷ್ಟೇ ಎಂದು ನಿಯಮ ಬರೆದರು. ನಿಯಮಕ್ಕೆ ಹೊಂದುವ ನಾಯಿಗೆ ಬಹುಮಾನ. ರಸೆಲ್ ಕೂಡ ಆ ಸಂಸ್ಥೆಯ ಮೊದಲ ಸದಸ್ಯರಲ್ಲಿ ಒಬ್ಬ. ಆದರೆ ತನ್ನ ಸ್ವಂತ ನಾಯಿಗಳನ್ನು ಮಾತ್ರ ಅವನು ಪ್ರದರ್ಶನಕ್ಕೆ ಇಡಲಿಲ್ಲ! ಅವು ಕೆಲಸದ ನಾಯಿಗಳು, ನೋಟದ ನಾಯಿಗಳಲ್ಲ ಎಂಬುದು ಅವನ ಎಣಿಕೆ.

ಪ್ರದರ್ಶನಕ್ಕಾಗಿ ಬೆಳೆಸಿದ ಟೆರಿಯರ್‌ಗಳು ಫಾಕ್ಸ್ ಟೆರಿಯರ್ ಎಂಬ ಬೇರೆ ತಳಿಯಾಗಿ ನಿಂತವು. ಅವುಗಳಿಗಾಗಿ 1876ರಲ್ಲಿ ಒಂದು ಸಂಘವೇ ಹುಟ್ಟಿತು. ರೈತರು ಮತ್ತು ಬೇಟೆಗಾರರು ಮಾತ್ರ ತಮ್ಮ ಹಳೆಯ ಮಾದರಿಯ ನಾಯಿಗಳನ್ನೇ ಇಟ್ಟುಕೊಂಡರು. ಅವನ್ನು ಜನ ಜ್ಯಾಕ್ ರಸೆಲ್ ಎಂದು ಕರೆದರು.

ಈ ನಾಯಿಗಳನ್ನು ಕೆನಲ್ ಕ್ಲಬ್ಬಿನ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂದು ದೊಡ್ಡ ವಾದ ನಡೆಯಿತು. “ಪಟ್ಟಿಗೆ ಸೇರಿದರೆ ತಳಿ ಉಳಿಯುತ್ತದೆ” ಎಂದರು ಕೆಲವರು. “ಸೇರಿದರೆ ಜನ ಅಂದವನ್ನೇ ನೋಡುತ್ತಾರೆ, ಕೆಲಸ ಮರೆಯುತ್ತಾರೆ” ಎಂದರು ಇನ್ನು ಕೆಲವರು. ಕೊನೆಗೆ 1990ರಲ್ಲಿ ಉದ್ದ ಕಾಲಿನ ಮಾದರಿಗೆ ಬ್ರಿಟನ್ನಿನ ಕೆನಲ್ ಕ್ಲಬ್ ಮನ್ನಣೆ ಕೊಟ್ಟಿತು. ಇಂದು ಅದರ ಹೆಸರು ಪಾರ್ಸನ್ ರಸೆಲ್ ಟೆರಿಯರ್. ಪಾರ್ಸನ್ ಎಂದರೆ ಪಾದ್ರಿ. ಗಿಡ್ಡ ಮಾದರಿಯನ್ನು ಆಸ್ಟ್ರೇಲಿಯಾದಲ್ಲಿ ಹೆಚ್ಚು ಬೆಳೆಸಿದರು. ಅದರ ಎತ್ತರ 25ರಿಂದ 30 ಸೆಂ.ಮೀ. ಅಂದರೆ ನಿಮ್ಮ ಅಳತೆಪಟ್ಟಿಯಷ್ಟು! ಅದಕ್ಕೆ ಜ್ಯಾಕ್ ರಸೆಲ್ ಟೆರಿಯರ್ ಎಂಬ ಹೆಸರಿನಲ್ಲೇ 2016ರಲ್ಲಿ ಬ್ರಿಟನ್ನಿನಲ್ಲಿ ಮನ್ನಣೆ ಸಿಕ್ಕಿತು.

ಬಿಳಿ ಬಣ್ಣ ಬರುವುದು ಹೇಗೆ?

ರಸೆಲ್‌ಗೆ ಗೊತ್ತಿಲ್ಲದ ಹಲವು ಸಂಗತಿ ಇಂದು ವಿಜ್ಞಾನಿಗಳಿಗೆ ಗೊತ್ತಾಗಿದೆ. ಜೀವಿಯ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಅದರಲ್ಲಿ ಜೀನ್‌ಗಳು, ಅಂದರೆ ವಂಶವಾಹಿಗಳು ಇವೆ. ಮೈಯನ್ನು ಕಟ್ಟುವ ಸೂಚನೆಗಳು ಅವು. ಪ್ರತಿ ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

2007ರಲ್ಲಿ ನಾಯಿಯ ಗಾತ್ರಕ್ಕೆ ಸಂಬಂಧಿಸಿದ ಒಂದು ಮುಖ್ಯ ಜೀನ್ ಪತ್ತೆಯಾಯಿತು. ಅದರ ಒಂದು ರೂಪ ಚಿಕ್ಕ ನಾಯಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. 2022ರಲ್ಲಿ ಇನ್ನೂ ಬೆರಗಿನ ವಿಷಯ ಗೊತ್ತಾಯಿತು. ಚಿಕ್ಕ ಗಾತ್ರ ಕೊಡುವ ಆ ರೂಪ ಸುಮಾರು 54,000 ವರ್ಷ ಹಿಂದಿನ ತೋಳದಲ್ಲಿಯೇ ಇತ್ತು! ನಾಯಿಯ ಮೂಲ ತೋಳ ಎಂದು ನೀವು ಓದಿರಬಹುದು. ಅಂದರೆ ಮನುಷ್ಯ ಆ ಗುಣವನ್ನು ಹೊಸದಾಗಿ ಸೃಷ್ಟಿಸಲಿಲ್ಲ. ಅಲ್ಲಿಯೇ ಇದ್ದುದನ್ನು ಆರಿಸಿದ, ಅಷ್ಟೆ.

ಇನ್ನು ಬಿಳಿ ಬಣ್ಣ. ಮರಿ ತಾಯಿಯ ಗರ್ಭದಲ್ಲಿರುವಾಗ ಬಣ್ಣ ಕೊಡುವ ಜೀವಕೋಶಗಳು ಬೆನ್ನಿನ ಸಾಲಿನಿಂದ ಹೊರಟು ಮೈಯೆಲ್ಲ ಹರಡುತ್ತವೆ. ಅವು ತಲುಪಿದ ಕಡೆ ಕೂದಲಿಗೆ ಬಣ್ಣ. ತಲುಪದ ಕಡೆ ಬಿಳಿ. ಹೆಚ್ಚು ದೂರ ಸಾಗಬೇಕಾದ್ದು ಪಾದ, ಹೊಟ್ಟೆ, ಎದೆಯ ಕಡೆಗೆ. ನಿಮ್ಮ ಬೀದಿಯ ನಾಯಿಗಳಲ್ಲಿಯೂ ಬಿಳಿ ಕಾಣುವುದು ಹೆಚ್ಚಾಗಿ ಈ ಭಾಗಗಳಲ್ಲಿಯೇ. ಬೇಕಾದರೆ ಗಮನಿಸಿ.

ಆದರೆ ಈ ಬಿಳಿಗೆ ಒಂದು ಬೆಲೆ ಇದೆ. ಬಣ್ಣ ಕೊಡುವ ಅದೇ ಬಗೆಯ ಜೀವಕೋಶಗಳು ಒಳಕಿವಿಗೂ ಬೇಕು. ಅವು ಇಲ್ಲದಿದ್ದರೆ ಶಬ್ದ ಗ್ರಹಿಸುವ ಭಾಗ ಹಾಳಾಗಿ ಕಿವುಡು ಬರುತ್ತದೆ. ಮೈಯ ಬಹುಭಾಗ ಬಿಳಿಯಾಗಿರುವ ತಳಿಗಳಲ್ಲಿ ಹುಟ್ಟುಕಿವುಡು ಮರಿಗಳು ಕಾಣಿಸುವುದು ಇದರಿಂದ. ಬಿಳಿ ನಾಯಿಗಳೆಲ್ಲ ಕಿವುಡಲ್ಲ. ಕೆಲವು ಮಾತ್ರ. ಬೇಟೆಗಾರನು ಆರಿಸಿದ್ದು ಬಣ್ಣವನ್ನು. ಕಿವುಡನ್ನು ಅವನು ಬಯಸಿರಲಿಲ್ಲ. ಆದರೆ ಒಂದರ ಜೊತೆಗೆ ಇನ್ನೊಂದೂ ಬಂತು.

ಅಡಗಿ ಕುಳಿತ ದೋಷ

ಈ ನಾಯಿಗಳಲ್ಲಿ ಕಾಣುವ ಇನ್ನೊಂದು ತೊಂದರೆ ಕಣ್ಣಿನದು. ಕಣ್ಣಿನೊಳಗಿನ ಮಸೂರವನ್ನು ನವಿರಾದ ಎಳೆಗಳು ಹಿಡಿದಿರುತ್ತವೆ. ಕೆಲವು ನಾಯಿಗಳಲ್ಲಿ ಆ ಎಳೆಗಳು ನಡುವಯಸ್ಸಿನಲ್ಲಿ ಕಿತ್ತುಹೋಗುತ್ತವೆ. ಮಸೂರ ಜಾಗ ತಪ್ಪುತ್ತದೆ. ಕಣ್ಣಿನ ಒತ್ತಡ ಏರಿ ತುಂಬ ನೋವಾಗುತ್ತದೆ. ಬೇಗ ಚಿಕಿತ್ಸೆ ಸಿಗದಿದ್ದರೆ ನಾಯಿ ಕುರುಡಾಗುತ್ತದೆ. ಇದಕ್ಕೆ ಕಾರಣವಾದ ಜೀನ್ ದೋಷ 2010ರಲ್ಲಿ ಪತ್ತೆಯಾಯಿತು.

ಈ ರೋಗ ಸಾಮಾನ್ಯವಾಗಿ ಬರುವುದು ಎರಡೂ ಪ್ರತಿಗಳು ದೋಷದವಾದಾಗ. ಒಂದು ಪ್ರತಿ ಸರಿಯಿದ್ದರೆ ನಾಯಿ ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತದೆ. ನೋಡಿದರೆ ಏನೂ ತಿಳಿಯದು. ದೋಷ ಒಳಗೆ ಅಡಗಿರುತ್ತದೆ. ಅಂಥ ಎರಡು ನಾಯಿಗಳು ಕೂಡಿದರೆ ಮಾತ್ರ ಮರಿಗಳಲ್ಲಿ ಹೊರಬೀಳುತ್ತದೆ. ಒಂದೇ ಮನೆತನದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಹೀಗಾಗುವ ಸಾಧ್ಯತೆ ಹೆಚ್ಚು. ಯಾಕೆಂದರೆ ಹತ್ತಿರದ ಬಂಧುಗಳಲ್ಲಿ ಒಂದೇ ದೋಷ ಅಡಗಿರಬಹುದು.

ಈಗ ಇದಕ್ಕೆ ಪರೀಕ್ಷೆ ಇದೆ. ನಾಯಿಯ ಬಾಯೊಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ ಜೀವಕೋಶ ತೆಗೆಯುತ್ತಾರೆ. ಅದರ ಡಿಎನ್‌ಎ ನೋಡುತ್ತಾರೆ. ದೋಷ ಅಡಗಿರುವ ಎರಡು ನಾಯಿಗಳನ್ನು ಕೂಡಿಸದಿದ್ದರೆ ಕುರುಡಾಗುವ ಮರಿ ಹುಟ್ಟದಂತೆ ತಡೆಯಬಹುದು. ಆರಿಸುವುದರಿಂದ ಬಂದ ತೊಂದರೆಯನ್ನು ತಿಳಿದು ಆರಿಸುವುದರಿಂದಲೇ ಕಡಿಮೆ ಮಾಡಬಹುದು.

ಮಾಡಿ ನೋಡಿ

ಎರಡು ಬಟ್ಟಲು ತೆಗೆದುಕೊಳ್ಳಿ. ಒಂದು ತಂದೆ, ಒಂದು ತಾಯಿ. ಪ್ರತಿ ಬಟ್ಟಲಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ ಹಾಕಿ. ಅವರೆಕಾಳು ಸರಿಯಾದ ಪ್ರತಿ. ಹುಣಸೆಬೀಜ ದೋಷದ ಪ್ರತಿ. ಕಣ್ಣು ಮುಚ್ಚಿ ಎರಡೂ ಬಟ್ಟಲಿನಿಂದ ಒಂದೊಂದು ಬೀಜ ತೆಗೆಯಿರಿ. ಅದೇ ನಿಮ್ಮ ಮೊದಲ ಮರಿ. ಏನು ಬಂತೆಂದು ಬರೆದುಕೊಂಡು ಬೀಜಗಳನ್ನು ಆಯಾ ಬಟ್ಟಲಿಗೆ ಹಿಂದಕ್ಕೆ ಹಾಕಿ. ಹೀಗೆ 40 ಸಲ ಮಾಡಿ.

ಎರಡೂ ಹುಣಸೆಬೀಜ ಎಷ್ಟು ಸಲ ಬಂದವು? ಸುಮಾರು 10 ಸಲ ಬಂದಿರಬೇಕು. ಅಂದರೆ ನಾಲ್ಕರಲ್ಲಿ ಒಂದು ಪಾಲು. ಒಂದು ಹೆಚ್ಚು ಕಡಿಮೆ ಆದರೆ ಚಿಂತೆಯಿಲ್ಲ. ಈಗ ಒಂದು ಬಟ್ಟಲಿನಲ್ಲಿ ಎರಡೂ ಅವರೆಕಾಳನ್ನೇ ಇಟ್ಟು ಮತ್ತೆ ಆಡಿ. ರೋಗದ ಮರಿ ಒಂದಾದರೂ ಬಂತೇ? ಏಕೆ ಬರಲಿಲ್ಲ? ಗೆಳೆಯರೊಡನೆ ಚರ್ಚಿಸಿ.

ಮನೆಯೊಳಗೆ ಬಂದ ಬೇಟೆಗಾರ

ಇಂಗ್ಲೆಂಡಿನಲ್ಲಿ 2004ರಲ್ಲಿ ಒಂದು ಕಾನೂನು ಬಂತು. ನಾಯಿಗಳ ಹಿಂಡು ಬಿಟ್ಟು ನರಿಯನ್ನು ಅಟ್ಟಿ ಕೊಲ್ಲುವ ಆಟ 2005ರಿಂದ ಅಲ್ಲಿ ನಿಷಿದ್ಧ. ಇಂದು ಹೆಚ್ಚಿನ ಜ್ಯಾಕ್ ರಸೆಲ್ ನಾಯಿಗಳು ಬಿಲ ಕಾಣುವುದೇ ಇಲ್ಲ. ಅವು ಮನೆಗಳಲ್ಲಿ ಇವೆ, ಸಿನಿಮಾಗಳಲ್ಲಿಯೂ ಇವೆ. ಬಾಥಿ ಎಂಬ ಜ್ಯಾಕ್ ರಸೆಲ್ ನಾಯಿ 1979–82ರ ಸಾಹಸ ಯಾತ್ರೆಯೊಂದರಲ್ಲಿ ದಕ್ಷಿಣ ಧ್ರುವವನ್ನೂ ಉತ್ತರ ಧ್ರುವವನ್ನೂ ಮುಟ್ಟಿ ಬಂತು! ಎರಡೂ ಧ್ರುವ ಕಂಡ ಮೊದಲ ನಾಯಿ ಅದು. ಅಂಟಾರ್ಕ್ಟಿಕಾದ ವನ್ಯಜೀವಿಗಳ ರಕ್ಷಣೆಗಾಗಿ 1994ರಿಂದ ಅಲ್ಲಿಗೆ ನಾಯಿಗಳನ್ನು ಒಯ್ಯುವಂತಿಲ್ಲ.

ಸಿನಿಮಾ ನೋಡಿ “ನಮಗೂ ಅಂಥದೇ ನಾಯಿ ಬೇಕು” ಎಂದು ತಂದವರು ಬಹಳ ಮಂದಿ. ತಂದ ಮೇಲೆ ದೂರು ಶುರು. ತೋಟ ಅಗೆಯುತ್ತದೆ, ಬಿಡದೆ ಬೊಗಳುತ್ತದೆ, ಬೆಕ್ಕನ್ನು ಅಟ್ಟುತ್ತದೆ ಎಂದು. ಕೊನೆಗೆ ನಾಯಿಯನ್ನೇ ಬಿಟ್ಟುಬಿಡುತ್ತಾರೆ. ಆದರೆ ಯೋಚಿಸಿ. ಅಗೆಯುವುದು, ಬೊಗಳುವುದು, ಅಟ್ಟುವುದು ಈ ಗುಣಗಳನ್ನು ಆರಿಸಿದವರು ಯಾರು? ಮನುಷ್ಯರೇ ಅಲ್ಲವೇ! ನೂರಾರು ವರ್ಷ “ಹೀಗೇ ಇರು” ಎಂದು ಬೆಳೆಸಿ, ಒಂದು ದಿನ “ಯಾಕೆ ಹೀಗಿದ್ದೀಯೆ?” ಎಂದು ಗದರಿದರೆ ನಾಯಿ ಏನು ಮಾಡೀತು?

ಅಗಲ ಎದೆಯ ಮರಿ ಬೇಡ, ಬಿಳಿ ಮರಿ ಬೇಕು ಎಂದು ಮನುಷ್ಯ ಆರಿಸುತ್ತಾನೆ. ಆ ಆಯ್ಕೆಯೊಂದಿಗೆ ಬಾಳುವುದು ನಾಯಿ. ಅದು ಬೇಡ ಎಂದು ಹೇಳಲಾರದು. ಆದ್ದರಿಂದ ಆರಿಸುವವರಿಗೆ ಜವಾಬ್ದಾರಿ ಇರಬೇಕು. ಒಂದು ಮರಿಯನ್ನು ಮನೆಗೆ ತರುವವರಿಗೂ ಇರಬೇಕು. ಜ್ಯಾಕ್ ರಸೆಲ್ ನಾಯಿ 13-14 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತದೆ. ನೀವು ಇಂದು ತಂದ ಮರಿ ನಿಮ್ಮ ಕಾಲೇಜು ಮುಗಿಯುವವರೆಗೂ ನಿಮ್ಮನ್ನೇ ನಂಬಿ ಇರುತ್ತದೆ.

ಗಮನಿಸಿ, ಬರೆಯಿರಿ

ನಿಮ್ಮ ಬೀದಿಯಲ್ಲಿ 10 ನಾಯಿಗಳನ್ನು ದೂರದಿಂದ ಗಮನಿಸಿ. ಕಿವಿ ನಿಂತಿದೆಯೇ, ಜೋತಿದೆಯೇ? ಬಾಲ ಸುರುಳಿಯೇ, ನೇರವೇ? ಬಿಳಿ ಎಲ್ಲೆಲ್ಲಿ ಇದೆ? ಪಟ್ಟಿ ಮಾಡಿ. ಈ ನಾಯಿಗಳ ಜೋಡಿಯನ್ನು ಯಾರೂ ಆರಿಸುವುದಿಲ್ಲ. ಹಾಗಿದ್ದರೆ ಬೀದಿಯ ಬದುಕಿನಲ್ಲಿ ಯಾವ ಗುಣ ಇರುವ ನಾಯಿ ಹೆಚ್ಚು ಕಾಲ ಉಳಿಯುತ್ತದೆ? ಯೋಚಿಸಿ ಬರೆಯಿರಿ.

ಎಚ್ಚರ! ಗೊತ್ತಿಲ್ಲದ ನಾಯಿಯ ಹತ್ತಿರ ಹೋಗಬೇಡಿ. ಮರಿಗಳೊಂದಿಗಿರುವ ತಾಯಿನಾಯಿಯ ಬಳಿಗಂತೂ ಬೇಡವೇ ಬೇಡ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಿರಿ. ಕೂಡಲೇ ದೊಡ್ಡವರಿಗೆ ಹೇಳಿ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಬೈದಾರು ಎಂದು ಹೆದರಿ ಮುಚ್ಚಿಡಬೇಡಿ.